ಕಾಕುನ ಗುಳಿಗಿ ಮತ್ತು ಪೆದ್ದ ಸಸಿ

ಇವತ್ತಿನ ಕಥೆ ಶುರುವಾಗೋದು ವಿಜಯಪುರದ ಒಂದು ಬಾಡಿಗೆ ರೂಮಿನಲ್ಲಿ. ಬಬಲೇಶ್ವರದ ನನ್ನ ಕಾಕಾನ ಮಗ ಅಲ್ಲಿದ್ದುಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದ. ಒಂದು ರಾತ್ರಿ ಫೋನ್ ಮಾಡಿ, "ಅಣ್ಣಾ, ಎದಿ ಡವಡವ ಅನ್ನಾಕತ್ತೈತಿ, ಕೈ ನಡಗ್ತಾವು, ಮೂರು ದಿನಾ ಆತು ನಿದ್ದಿ ಇಲ್ಲ" ಅಂದ. ಕೆದಕಿ ಕೇಳಿದ ಮೇಲೆ ಹೊರಬಿತ್ತು: ನಮ್ಮ ಕಾಕು ದಿನಾ ಬೆಳಿಗ್ಗೆ ತಗೊಳ್ಳೋ ಥೈರಾಯ್ಡ್ ಗುಳಿಗಿಯನ್ನ ಇವನೂ ನುಂಗುತ್ತಿದ್ದ. ಅದೂ ಎರಡೆರಡು. "ಅವ್ವಗ ಇದರಿಂದ ಮರವು ಕಡಿಮಿ ಆತಲ್ಲ, ನನಗೂ ಓದಿದ್ದು ತಲ್ಯಾಗ ಉಳೀತೈತಿ ಅಂತ ತಿಳದೆ."

ಬೈಯಬೇಕು ಅನ್ನಿಸಿತು. ಆದರೆ ಈ ಆಸೆ ಇವನೊಬ್ಬನದಲ್ಲ. ನೂರಾಮೂವತ್ತು ವರ್ಷಕ್ಕೂ ಹಳೇದು.

1889ರ ಜೂನ್ ತಿಂಗಳು, ಪ್ಯಾರಿಸ್. ಬ್ರೌನ್-ಸೆಕ್ವಾರ್ ಅನ್ನೋ 72 ವರ್ಷದ ವಿಜ್ಞಾನಿ, ಅದೂ ನರಮಂಡಲದ ಬಗ್ಗೆ ದೊಡ್ಡ ಹೆಸರು ಮಾಡಿದಾತ, ವಿದ್ವಾಂಸರ ಸಭೆಯಲ್ಲಿ ಎದ್ದು ನಿಂತ. ನಾಯಿ ಮತ್ತು ಗಿನಿಪಿಗ್‌ಗಳ ವೃಷಣ ಅರೆದು ತೆಗೆದ ರಸವನ್ನ ತನಗೇ ಚುಚ್ಚಿಕೊಂಡಿದ್ದೇನೆ, ಮೈಯ ಕಸುವಿನ ಜೊತೆ ತಲೆ ಓಡಿಸೋ ಶಕ್ತಿಯೂ ವಾಪಸ್ ಬಂದಿದೆ ಅಂದ. ಯುರೋಪು, ಅಮೆರಿಕದಲ್ಲಿ ಆ ರಸಕ್ಕೆ ಜನ ಮುಗಿಬಿದ್ದರು. ಅಸಲಿ ಸಂಗತಿ ಏನಂದ್ರೆ, ನೀರಿನಲ್ಲಿ ತೆಗೆದ ಆ ರಸದಲ್ಲಿ ಹಾರ್ಮೋನ್ ಇದ್ದಿದ್ದೇ ಇಲ್ಲ ಅನ್ನುವಷ್ಟು ಕಡಿಮೆ. ಮುದುಕನ ನಂಬಿಕೆನೇ ಔಷಧ ಆಗಿತ್ತು.

ಎರಡೇ ವರ್ಷಕ್ಕೆ, 1891ರಲ್ಲಿ, ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ನಿಜವಾದ ಪವಾಡ ನಡೆಯಿತು. ಜಾರ್ಜ್ ಮರ್ರೆ ಅನ್ನೋ ಡಾಕ್ಟರ ಬಳಿ 46 ವರ್ಷದ ಹೆಂಗಸೊಬ್ಬಳು ಬಂದಿದ್ದಳು. ಮುಖ ಬಾತು, ಮಾತು ನಿಧಾನವಾಗಿ, ಯೋಚನೆಯೇ ಮಂದ ಆಗಿತ್ತು. ಮರ್ರೆ ಆಕೆಗೆ ಕುರಿಯ ಥೈರಾಯ್ಡ್ ರಸ ಕೊಟ್ಟರು. ಆಕೆ ಚೇತರಿಸಿಕೊಂಡಳು, ಅಷ್ಟೇ ಅಲ್ಲ, ಮುಂದೆ 28 ವರ್ಷ ಬದುಕಿದಳು. "ಹಾರ್ಮೋನ್" ಅನ್ನೋ ಶಬ್ದ ಬಳಕೆಗೆ ಬಂದದ್ದೇ ಆಮೇಲೆ, 1905ರಲ್ಲಿ.

ಇವೆರಡನ್ನ ಜನ ಕೂಡಿಸಿಬಿಟ್ಟರು ನೋಡ್ರಿ, ಎಡವಟ್ಟು ಅಲ್ಲೇ ಆದದ್ದು. ಆ ಹೆಂಗಸಿನ ಮೈಯಲ್ಲಿ ಹಾರ್ಮೋನ್ ಕೊರತೆ ಇತ್ತು, ನಮ್ಮ ಕಾಕುಗೂ ಇತ್ತು. ಕೊರತೆ ತುಂಬಿದಾಗ ತಲೆ ತಿಳಿಯಾಯಿತು. ಕೊರತೆನೇ ಇಲ್ಲದವನಿಗೆ? ನಾನು ಬಿ.ಕಾಂ. ಹುಡುಗ, ನನಗೆ ತಿಳಿದ ಹಾಗೆ ಹೇಳ್ತೀನಿ: ಸಾಲ ತೀರಿಸೋಕೆ ಕೊಟ್ಟ ಹಣವನ್ನ ಲಾಭ ಅಂತ ಬರೆದುಕೊಂಡ ಹಾಗಾಯ್ತು ಅದು.

ಮನೆ ಮೇಲಿನ ಟಾಕಿ ನೆನಪಿಸಿಕೊಳ್ಳಿ. ಹೊರಗಿನಿಂದ ನೀರು ಸುರಿದರೆ ಬಾಲ್ ಮೇಲೆದ್ದು ನಳ ಬಂದ್ ಆಗುತ್ತೆ. ಹಾಗೇ ಹೊರಗಿನ ಗುಳಿಗಿ ಹೆಚ್ಚಾದಾಗ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಸುಮ್ಮನಾಗಿ, ನಮ್ಮದೇ ಥೈರಾಯ್ಡ್ ಕೆಲಸ ಕಡಿಮೆ ಮಾಡುತ್ತೆ. ಮಿಕ್ಕ ಹಾರ್ಮೋನ್ ಎದೆಬಡಿತ ಏರಿಸುತ್ತೆ, ಬೆವರು, ನಡುಕ, ಗಾಬರಿ ತರುತ್ತೆ. ನಿದ್ದೆ ಕೆಟ್ಟ ಮೇಲೆ ಓದಿದ್ದು ಎಲ್ಲಿ ನಿಲ್ಲಬೇಕು?

ಡಾಕ್ಟರುಗಳೂ ಇಂಥದ್ದೇ ಆಸೆ ಇಟ್ಟುಕೊಂಡಿದ್ದರು. ಮುಟ್ಟು ನಿಂತವರಿಗೆ ಹಾರ್ಮೋನ್ ಕೊಟ್ಟರೆ ಮರೆವಿನ ಕಾಯಿಲೆ ತಡೆಯಬಹುದು ಅಂತ ಅಮೆರಿಕದಲ್ಲಿ 65 ದಾಟಿದ 4,532 ಹೆಂಗಸರ ಮೇಲೆ ಪರೀಕ್ಷೆ ಮಾಡಿದರು. 2003ರಲ್ಲಿ ಫಲಿತಾಂಶ ಬಂತು. ಈಸ್ಟ್ರೋಜನ್, ಪ್ರೊಜೆಸ್ಟಿನ್ ಎರಡೂ ಸೇರಿಸಿ ತಗೊಂಡವರಲ್ಲಿ ಆ ಕಾಯಿಲೆ ಸುಮಾರು ದುಪ್ಪಟ್ಟಾಗಿತ್ತು.

ಹಾರ್ಮೋನ್ ಅಂದ್ರೆ ನಮ್ಮ ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಹೊಸದಲ್ಲ. ಕಾಳು ಉದ್ದ ಆಗಲಿ ಅಂತ ಗೊನೆಗೆ ಕೊಡೋ "ಜಿಎ", ಅಂದ್ರೆ ಜಿಬ್ಬರೆಲಿಕ್ ಆಸಿಡ್, ಸಸ್ಯದ ಹಾರ್ಮೋನೇ. ಅದರ ಸುಳಿವು ಸಿಕ್ಕಿದ್ದು ಒಂದು ಭತ್ತದ ರೋಗದಿಂದ. ಸಸಿ ಸರಸರ ಎತ್ತರ ಬೆಳೆದು, ಸಣಕಲಾಗಿ, ಕಾಳು ಕಟ್ಟದೆ ಬಿದ್ದುಹೋಗುತ್ತಿತ್ತು. ಜಪಾನಿನ ರೈತರು ಅದಕ್ಕೆ ಇಟ್ಟ ಹೆಸರು "ಬಕಾನೆ", ಪೆದ್ದ ಸಸಿ. ಒಂದು ಶಿಲೀಂಧ್ರ ಬಿಡೋ ರಸದಿಂದಲೇ ಹಾಗಾಗುತ್ತೆ ಅಂತ 1926ರಲ್ಲಿ ಕುರೊಸಾವಾ ಅನ್ನೋ ವಿಜ್ಞಾನಿ ತೋರಿಸಿದರು. ತಮ್ಮನಿಗೆ ಇದನ್ನ ಹೇಳಿದೆ. "ನನಗ ಅಂದಿ ಹೌದಲ್ಲೋ?" ಅಂದ.

ಮರುದಿನವೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಗುಳಿಗಿ ಬಿಡಿಸಿ ರಕ್ತಪರೀಕ್ಷೆ ಬರೆದುಕೊಟ್ಟರು. ಬಿಟ್ಟ ಕೂಡಲೇ ನಡುಕ ನಿಲ್ಲಲಿಲ್ಲ, ಯಾಕಂದ್ರೆ ನುಂಗಿದ್ದರಲ್ಲಿ ಅರ್ಧ ಕರಗೋಕೇ ಸುಮಾರು ಒಂದು ವಾರ ಬೇಕು. ಪರೀಕ್ಷೆ ಬರೆಯುವಾಗಲೂ ಅವನ ಕೈ ಸಣ್ಣಗೆ ನಡುಗುತ್ತಿತ್ತಂತೆ. ಕಾಕು ಈಗ ಗುಳಿಗಿ ಡಬ್ಬಿನ ಟ್ರೆಜರಿಯಲ್ಲಿಟ್ಟು ಕೀಲಿ ಹಾಕ್ತಾಳ.