ನವಣೆಯ ಗಂಜಿ, ಹತ್ತಿಯ ಕೋಟು

ಡಿಸೆಂಬರ್ ತಿಂಗಳ ಬೆಳಗಿನ ಜಾವ ನಮ್ಮ ವಿದ್ಯಾನಗರದ ರಸ್ತೆಗಳಲ್ಲಿ ಒಮ್ಮೆ ನಡೆದು ನೋಡಿ. ಹಾಲು ಹಾಕುವವರು ತಲೆಗೆ ಮಫ್ಲರ್ ಸುತ್ತಿಕೊಂಡಿರುತ್ತಾರೆ, ವಾಯುವಿಹಾರಕ್ಕೆ ಹೊರಟ ಹಿರಿಯರು ಸ್ವೆಟರ್ ಮೇಲೆ ಶಾಲು ಹೊದ್ದಿರುತ್ತಾರೆ. ಹರಿಹರದ ಸೇತುವೆಯ ಮೇಲೆ ತುಂಗಭದ್ರೆಯ ಮಂಜು ಕವಿದಿದ್ದರಂತೂ "ಈ ವರ್ಷ ಚಳಿ ವಿಪರೀತ" ಎಂಬ ಮಾತು ಪ್ರತಿ ವರ್ಷವೂ ಕೇಳಿಬರುತ್ತದೆ. ಉಷ್ಣಾಂಶವನ್ನು ಅಳೆದರೆ ಅದು ಹದಿನೈದು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಅಷ್ಟೆ. ಇಂಥ ಊರಿನಿಂದಲೇ ಇಂದು ನಮ್ಮ ಮಕ್ಕಳು ಓದಿಗೆ, ದುಡಿಮೆಗೆ, ಸೇವೆಗೆ ಎಂದು ಹಿಮ ಬೀಳುವ ದೇಶಗಳಿಗೆ ಹೊರಡುತ್ತಿದ್ದಾರೆ. ಬೀಳ್ಕೊಡುವಾಗ ತಾಯಂದಿರು ಮೊದಲು ವಿಚಾರಿಸುವುದು ಚಳಿಯ ಸಂಗತಿಯನ್ನೇ ಅಲ್ಲವೇ?

ಆ ತಾಯಂದಿರನ್ನು ಕಂಡಾಗಲೆಲ್ಲ ನನಗೆ ಸೊಲ್ಲಾಪುರದ ಒಬ್ಬ ವೈದ್ಯನ ನೆನಪಾಗುತ್ತದೆ. ಸೊಲ್ಲಾಪುರ ನಮಗೆ ಪರಕೀಯವಲ್ಲ. ಶಿವಯೋಗಿ ಸಿದ್ಧರಾಮರ ಸೊನ್ನಲಿಗೆ ಅದೇ. ವಿಜಾಪುರದ ಗಡಿಗೆ ಅಂಟಿಕೊಂಡು, ಕನ್ನಡ ಮರಾಠಿಗಳೆರಡೂ ಬೀದಿಯಲ್ಲಿ ಬೆರೆಯುವ ಊರದು. ನಮ್ಮ ದಾವಣಗೆರೆಯಂತೆಯೇ ಹತ್ತಿ ಗಿರಣಿಗಳಿಂದ ಹೆಸರಾದ ಊರು ಕೂಡ. ಬೇಸಿಗೆಯಲ್ಲಿ ಅಲ್ಲಿನ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಅಲ್ಲಿ 1910ರ ಅಕ್ಟೋಬರ್ 10ರಂದು ಹುಟ್ಟಿದ ದ್ವಾರಕಾನಾಥ ಶಾಂತಾರಾಮ ಕೋಟ್ನಿಸರು ಮುಂಬಯಿಯ ಸೇಠ್ ಗೋರ್ಧನದಾಸ್ ಸುಂದರದಾಸ್ ವೈದ್ಯಕೀಯ ಕಾಲೇಜಿನಲ್ಲಿ ಕಲಿತು ವೈದ್ಯರಾದರು.

1937ರ ಜುಲೈಯಲ್ಲಿ ಜಪಾನಿನ ಸೇನೆ ಚೀನಾದ ಮೇಲೆ ಪೂರ್ಣ ಪ್ರಮಾಣದ ಯುದ್ಧ ಆರಂಭಿಸಿತ್ತು. ಗಾಯಾಳುಗಳಿಗೆ ಚಿಕಿತ್ಸೆ ನೀಡಲು ವೈದ್ಯರನ್ನು ಕಳುಹಿಸಿರೆಂದು ಸೇನಾನಿ ಝು ದೇ ಅವರು ಜವಾಹರಲಾಲ್ ನೆಹರೂ ಅವರಿಗೆ ಪತ್ರ ಬರೆದರು. ವೈದ್ಯರ ತಂಡ ಹೊರಡುವ ಹೊತ್ತಿಗೆ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರು ಸುಭಾಷ್‌ಚಂದ್ರ ಬೋಸ್. ಪರರ ಆಳ್ವಿಕೆಯಲ್ಲಿದ್ದ ಬಡ ದೇಶವೊಂದು ಚಂದಾ ಎತ್ತಿ ಇನ್ನೊಂದು ನೊಂದ ದೇಶಕ್ಕೆ ಐವರು ವೈದ್ಯರನ್ನು ಕಳುಹಿಸಿತು! ಅಟಲ್, ಚೋಳ್ಕರ್, ಬಸು, ಮುಖರ್ಜಿ ಮತ್ತು ಕೋಟ್ನಿಸ್ ಎಂಬ ಈ ಐವರು 1938ರ ಸೆಪ್ಟೆಂಬರಿನಲ್ಲಿ ಮುಂಬಯಿ ಬಂದರು ಬಿಟ್ಟರು. ಕೋಟ್ನಿಸರಿಗೆ ಆಗ 28 ತುಂಬಲು ಒಂದು ತಿಂಗಳು ಉಳಿದಿತ್ತು.

ಚೀನಾಕ್ಕೆ ಹೋದ ಮೇಲೆ ತಂದೆ ತೀರಿಕೊಂಡ ಸುದ್ದಿ ಅವರನ್ನು ತಲುಪಿತು. ಊರಿಗೆ ಹೋಗಿ ಬಾ ಎಂದರು ಜೊತೆಗಿದ್ದವರು. ಅವರು ಹೋಗಲಿಲ್ಲ. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಸಾಹಸವೆನ್ನಬೇಕೋ, ಮನೆಯವರ ಪಾಲಿಗೆ ನಿಷ್ಠುರತೆಯೆನ್ನಬೇಕೋ? ಮಕ್ಕಳನ್ನು ದೂರ ಕಳುಹಿಸಿರುವ ನೀವೇ ಹೇಳಬೇಕು.

1939ರ ಫೆಬ್ರವರಿಯಲ್ಲಿ ತಂಡ ಯೆನಾನ್ ತಲುಪಿತು. ಅಲ್ಲಿ ಚಳಿಗಾಲವೆಂದರೆ ಮಂಜು ಮುಸುಕಿದ ಬೆಳಗಲ್ಲ. ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿಳಿಯುವುದು ಅಲ್ಲಿ ಸಾಮಾನ್ಯ. ನೀರು ಕಲ್ಲಾಗುತ್ತದೆ, ಒಣಗಾಳಿ ತುಟಿ ಸೀಳುತ್ತದೆ. ಇಂಥ ನಾಡಿನಲ್ಲಿ ಬಡವರು ಬದುಕಲು ಕಂಡುಕೊಂಡ ಉಪಾಯಗಳನ್ನೇ ಹೊರಗಿನಿಂದ ಬಂದ ವೈದ್ಯರೂ ಕಲಿಯಬೇಕಾಯಿತು. ಹಳದಿ ಮಣ್ಣಿನ ಗುಡ್ಡಗಳನ್ನು ಕೊರೆದು ಮಾಡಿದ ಗುಹೆಗಳೇ ಅಲ್ಲಿ ಮನೆ, ಅವೇ ಆಸ್ಪತ್ರೆ. ಬಾಗಿಲು ಸಾಮಾನ್ಯವಾಗಿ ದಕ್ಷಿಣಕ್ಕೆ, ಬಿಸಿಲು ಒಳಬರಲೆಂದು. ಕಿಟಕಿಗೆ ಗಾಜಿಲ್ಲ, ಕಾಗದ ಅಂಟಿಸಿರುತ್ತಾರೆ. ದಪ್ಪ ಮಣ್ಣು ಹೊರಗಿನ ಚಳಿಯನ್ನು ತಡೆಯುತ್ತದೆ. ಮಲಗಲು 'ಕಾಂಗ್' ಎಂಬ ಇಟ್ಟಿಗೆಯ ಜಗಲಿ. ಅಡಿಗೆ ಒಲೆಯ ಬಿಸಿ ಹೊಗೆ ಅದರ ಹೊಟ್ಟೆಯೊಳಗೆ ಹಾದು ಹೊರಹೋಗುವುದರಿಂದ ರಾತ್ರಿಯಿಡೀ ಬೆಚ್ಚಗಿರುತ್ತದೆ. ಅನ್ನ ಬೇಯಿಸಿದ ಬೆಂಕಿಯಿಂದಲೇ ಹಾಸಿಗೆ ಕಾಯಿಸುವ ಈ ಜಾಣ್ಮೆ ಯಾವ ಎಂಜಿನಿಯರನದೂ ಅಲ್ಲ.

ಉಣ್ಣೆ ದುರ್ಲಭ. ಎರಡು ಪದರ ಬಟ್ಟೆಯ ನಡುವೆ ಹತ್ತಿ ತುಂಬಿ ಹೊಲಿದ ಕೋಟೇ ಸೈನಿಕನಿಗೂ ವೈದ್ಯನಿಗೂ ಗತಿ. ಗಿರಣಿಗಳ ಊರಿನಿಂದ ಹೋದ ಕೋಟ್ನಿಸರಿಗೆ ಹತ್ತಿಯ ಈ ಉಪಯೋಗ ಹೊಸದಾಗಿದ್ದಿರಬೇಕು. ಊಟಕ್ಕೆ ಮುಖ್ಯವಾಗಿ ಗಂಜಿ. ಯಾವುದರ ಗಂಜಿ ಗೊತ್ತೇ? ನಮ್ಮ ನವಣೆಯದು. ಜಗಳೂರು, ಚಳ್ಳಕೆರೆ ಕಡೆಯ ಹಿರಿಯರು ಉಂಡು ಬೆಳೆದ ಅದೇ ಧಾನ್ಯ ಉತ್ತರ ಚೀನಾದ ಬಡವರ ಅನ್ನ.

1939ರ ಕೊನೆಯಲ್ಲಿ ಕೋಟ್ನಿಸರು ಯುದ್ಧರಂಗಕ್ಕೆ, ವುತಾಯ್ ಪರ್ವತ ಪ್ರದೇಶದತ್ತ ಹೊರಟರು. ಅಲ್ಲಿನ ಅತಿ ಎತ್ತರದ ಶಿಖರ 3,000 ಮೀಟರಿಗೂ ಎತ್ತರ. ಅಲ್ಲಿ ಶಸ್ತ್ರಚಿಕಿತ್ಸೆಗೆ ಹೊಸ ದಾರಿ ಹಾಕಿಕೊಟ್ಟಿದ್ದವರು ಕೆನಡಾದ ಡಾಕ್ಟರ್ ನಾರ್ಮನ್ ಬೆಥ್ಯೂನ್. ಪ್ರೆಸ್ಬಿಟೇರಿಯನ್ ಸಭೆಯ ಬೋಧಕರೊಬ್ಬರ ಮಗನಾದ ಅವರು, ಗಾಯಾಳು ವೈದ್ಯನನ್ನು ಹುಡುಕಿ ಬರುವುದಲ್ಲ, ವೈದ್ಯನೇ ಗಾಯಾಳುವಿನ ಬಳಿಗೆ ಹೋಗಬೇಕು ಎಂದು ಪಟ್ಟು ಹಿಡಿದವರು. ಶಸ್ತ್ರಚಿಕಿತ್ಸೆಯ ವೇಳೆ ಬೆರಳಿಗಾದ ಗಾಯ ನಂಜಾಗಿ ಅವರು 1939ರ ನವೆಂಬರ್ 12ರಂದು ತೀರಿಕೊಂಡಿದ್ದರು. ಅವರ ಹೆಸರಿನ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ಹೊಣೆ 1941ರಲ್ಲಿ ಕೋಟ್ನಿಸರ ಹೆಗಲೇರಿತು.

ಆಸ್ಪತ್ರೆಯೆಂದರೆ ಒಂದು ಕಟ್ಟಡವೆಂದು ಭಾವಿಸಬೇಡಿ. ಶತ್ರು ಸಮೀಪಿಸಿದರೆ ರಾತ್ರೋರಾತ್ರಿ ಎದ್ದು ಹೋಗಬೇಕಾದ ಆಸ್ಪತ್ರೆ ಅದು; ಗಾಯಾಳುಗಳು ಹಳ್ಳಿಯವರ ಮನೆಗಳಲ್ಲಿಯೇ ಮಲಗಿರುತ್ತಿದ್ದರು. ರಕ್ತ ಕಳೆದುಕೊಂಡವನ ಮೈ ಬೇಗ ತಣ್ಣಗಾಗುತ್ತದೆ. ತಣ್ಣಗಾದಷ್ಟೂ ರಕ್ತ ಹೆಪ್ಪುಗಟ್ಟುವುದು ತಡವಾಗುತ್ತದೆ. ಆದ್ದರಿಂದ ರೈತನ ಮನೆಯ ಆ ಬೆಚ್ಚನೆಯ ಜಗಲಿ ಔಷಧಿಯಷ್ಟೇ ಮುಖ್ಯವಾಗಿತ್ತು. ಚಳಿಯ ನಾಡಿನಲ್ಲಿ ಬದುಕುವುದೆಂದರೆ ದಪ್ಪ ಬಟ್ಟೆ ಹೊಂದಿಸಿಕೊಳ್ಳುವುದಷ್ಟೇ ಅಲ್ಲ, ಮತ್ತೊಬ್ಬರ ಒಲೆಯ ಋಣಕ್ಕೆ ಬೀಳುವುದು. ಕೋಟ್ನಿಸರು ಚೀನೀ ಭಾಷೆ ಕಲಿತರು, ಆ ಭಾಷೆಯಲ್ಲಿಯೇ ಪಾಠ ಹೇಳಿದರು, ಶಸ್ತ್ರಚಿಕಿತ್ಸೆಯ ಪಠ್ಯಪುಸ್ತಕ ಬರೆಯತೊಡಗಿದರು. ಜನ ಅವರನ್ನು ಕ ದಿಹ್ವಾ ಎಂದು ಕರೆದರು. 'ಹ್ವಾ' ಎಂದರೆ ಚೀನಾ.

1941ರಲ್ಲಿ ಅವರು ಶುಶ್ರೂಷಾ ಶಿಕ್ಷಕಿ ಗುವೊ ಚಿಂಗ್‌ಲಾನ್ ಅವರನ್ನು ಮದುವೆಯಾದರು. 1942ರ ಜುಲೈಯಲ್ಲಿ ಕಮ್ಯುನಿಸ್ಟ್ ಪಕ್ಷ ಸೇರಿದರು. ಈ ಸಂಗತಿಯನ್ನು ಮರೆಮಾಡಿ ಅವರ ಕಥೆ ಹೇಳುವವರೂ ಇದ್ದಾರೆ, ಅದೊಂದನ್ನೇ ಎತ್ತಿ ಹೇಳುವವರೂ ಇದ್ದಾರೆ. ಆ ಮತ ನಿಮಗೂ ನನಗೂ ಒಪ್ಪಿಗೆಯಾಗಬೇಕೆಂದಿಲ್ಲ. ಮುಚ್ಚಿಡುವುದು ಮಾತ್ರ ಸರಿಯಲ್ಲ. ಆಗಸ್ಟಿನಲ್ಲಿ ಗಂಡು ಮಗು ಹುಟ್ಟಿತು. ಹೆಸರು ಯಿನ್‌ಹ್ವಾ, ಅಂದರೆ ಭಾರತ-ಚೀನಾ.

ಅಷ್ಟರಲ್ಲಿ ಕೋಟ್ನಿಸರಿಗೆ ಮೂರ್ಛೆರೋಗ ಅಂಟಿಕೊಂಡಿತ್ತು. ವಿಶ್ರಾಂತಿಗೆ ಹಿಂದಿರುಗಿ ಹೋಗಲು ಅವರು ಒಪ್ಪಲಿಲ್ಲ. 1942ರ ಡಿಸೆಂಬರ್ 9ರಂದು, ಆ ನಾಡಿನ ಮತ್ತೊಂದು ಚಳಿಗಾಲ ಬಿಗಿಯುತ್ತಿದ್ದಾಗ, ಹೆಬೈ ಪ್ರಾಂತದ ಹಳ್ಳಿಯಲ್ಲಿ ಅವರು ತೀರಿಕೊಂಡರು. ವಯಸ್ಸು 32. ಮಗುವಿಗೆ ನಾಲ್ಕು ತಿಂಗಳು ತುಂಬಿರಲಿಲ್ಲ. ಜೊತೆಗೆ ಹೋದ ನಾಲ್ವರೂ ಭಾರತಕ್ಕೆ ಹಿಂದಿರುಗಿದರು.

1946ರಲ್ಲಿ ವಿ. ಶಾಂತಾರಾಮ್ ಈ ಜೀವನವನ್ನು ಚಲನಚಿತ್ರವಾಗಿಸಿ, ತಾವೇ ಕೋಟ್ನಿಸರಾಗಿ ನಟಿಸಿದರು. ಸೊಲ್ಲಾಪುರದಲ್ಲಿ ಅವರು ಹುಟ್ಟಿದ ಮನೆ ಈಗ ಸ್ಮಾರಕವಾಗಿದೆ. ಅತ್ತ ಕಡೆ ನಮ್ಮವರು ಹೋದಾಗ ಸಿದ್ಧರಾಮರ ಕೆರೆ ನೋಡಿ, ಚಾದರ ಕೊಂಡು ಮರಳುತ್ತಾರೆ. ಆ ಮನೆಗೂ ಒಮ್ಮೆ ಹೋಗಿಬನ್ನಿ. ಯಿನ್‌ಹ್ವಾ ತಂದೆಯ ದಾರಿಯಲ್ಲೇ ವೈದ್ಯ ಶಿಕ್ಷಣಕ್ಕೆ ಸೇರಿ, ಅದು ಮುಗಿಯುವ ಮೊದಲೇ 1967ರಲ್ಲಿ ಕಣ್ಮುಚ್ಚಿದ. ತಾಯಿ ಗುವೊ 2012ರವರೆಗೆ ಬದುಕಿದ್ದರು. ಹಲವು ಬಾರಿ ಭಾರತಕ್ಕೆ ಬಂದು, ಅತ್ತೆಮನೆಯವರನ್ನು ಕಂಡು, ಮತ್ತೆ ತಮ್ಮ ಚಳಿಯ ನಾಡಿಗೆ ಹಿಂದಿರುಗುತ್ತಿದ್ದರು.