ಕಾರವಾರದ ಮಂಗಟ್ಟೆ ಮತ್ತು ಕರಾವಳಿಯ ಹಕ್ಕಿಗಳು

ನಾಡಿನ ಚರಿತ್ರೆಯೆಂದರೆ ಅರಸರ ಚರಿತ್ರೆ, ಶಾಸನಗಳ ಚರಿತ್ರೆ ಎಂದೇ ನಾವು ತಿಳಿದುಕೊಂಡು ಬಂದಿದ್ದೇವೆ. ವರ್ಷವರ್ಷವೂ ರಾಜ್ಯೋತ್ಸವದ ಸಂಚಿಕೆಗಳಲ್ಲಿ ಕದಂಬರೂ ಚಾಲುಕ್ಯರೂ ವಿಜಯನಗರದವರೂ ತಪ್ಪದೆ ಬರುತ್ತಾರೆ. ಬರುವುದು ನ್ಯಾಯವೂ ಹೌದು. ಆದರೆ ಈ ಸಲ ವಾಚಕರ ಮುಂದೆ ಬೇರೊಂದು ಬಗೆಯ ಚರಿತ್ರೆಯನ್ನು ಇಡಲು ಬಯಸುತ್ತೇವೆ. ಅದು ನಮ್ಮ ಕರಾವಳಿಯ ಹಕ್ಕಿಗಳ ಚರಿತ್ರೆ; ಅವುಗಳನ್ನು ನೋಡಿ ಬರೆದಿಟ್ಟವರ ಚರಿತ್ರೆ. ಅದರ ಬಹುಭಾಗ ನಾವು ಬಾಳುತ್ತಿರುವ ಈ ಮುಂಬಯಿಯಲ್ಲಿಯೇ ಇದೆಯೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಇದನ್ನು ಬರೆಯಲು ಕಾರಣವಾದ ಪ್ರಸಂಗವನ್ನು ಮೊದಲು ಹೇಳಿಬಿಡುತ್ತೇವೆ. ಒಂದು ಚಳಿಗಾಲದ ಬೆಳಿಗ್ಗೆ ನಾವು ಕೆಲವು ಕುಟುಂಬಗಳವರು ಕೂಡಿ ಶಿವಡಿಯ ಕೆಸರುದಂಡೆಗೆ ರಾಜಹಂಸಗಳನ್ನು ನೋಡಲು ಹೋಗಿದ್ದೆವು. ಎಲ್ಲರ ಕಣ್ಣೂ ಆ ಗುಲಾಬಿ ಬಣ್ಣದ ಹಿಂಡಿನ ಮೇಲೆ ನೆಟ್ಟಿತ್ತು. ಒಬ್ಬ ಹುಡುಗಿ ಮಾತ್ರ ನೀರಂಚಿನಲ್ಲಿ ಬಾಲ ಕುಣಿಸುತ್ತ ಓಡಾಡುತ್ತಿದ್ದ ಪುಟ್ಟ ಕಂದು ಹಕ್ಕಿಯನ್ನು ತೋರಿಸಿ, "ಅಜ್ಜಿ, ಇದಕ್ಕೆ ಕನ್ನಡದಲ್ಲಿ ಏನಂತಾರೆ?" ಎಂದು ಕೇಳಿದಳು. ಕುಮಟೆಯ ಕಡೆಯಿಂದ ಐವತ್ತು ವರ್ಷಗಳ ಹಿಂದೆ ಬಂದ ಆ ಅಜ್ಜಿ ಬಹಳ ಹೊತ್ತು ನೋಡಿ, "ನಮ್ಮ ಗಜನಿ ಬದಿಗೆ ರಾಶಿ ಇದ್ದಿದ್ದ ಕೂಸೇ, ಹೆಸರೇ ನೆನಪಾಗ್ತಿಲ್ಲೆ" ಎಂದರು. ನಾವೆಲ್ಲ ಹಿರಿಯರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಹಕ್ಕಿ ಇಲ್ಲಿಯೂ ಇದೆ, ಅಲ್ಲಿಯೂ ಇದೆ. ನಡುವೆ ಹೆಸರು ಮಾತ್ರ ಕಳೆದುಹೋಗಿದೆ.

ಈಗ ಚರಿತ್ರೆಗೆ ಬರೋಣ. ಕೆನರಾ ಜಿಲ್ಲೆ ಮೊದಲು ಮದ್ರಾಸ್ ಇಲಾಖೆಗೆ ಸೇರಿತ್ತು. ಅದನ್ನು ಎರಡಾಗಿ ಒಡೆದ ಮೇಲೆ, 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಇಲಾಖೆಗೆ ವರ್ಗ ಮಾಡಿದರು. ಹತ್ತಿಯ ವ್ಯಾಪಾರಕ್ಕೆ ಕಾರವಾರದ ಬಂದರು ಬೇಕೆಂಬುದು ಅದಕ್ಕೆ ಮುಖ್ಯ ಕಾರಣ. ಅಂದಿನಿಂದ 1956ರ ನವೆಂಬರ್ 1ರವರೆಗೆ ಕಾರವಾರದವರಿಗೆ ರಾಜಧಾನಿ ಮುಂಬಯಿ. ಕಚೇರಿಯ ಕಾಗದ, ಓದುವ ಹುಡುಗರು, ಕೆಲಸ ಹುಡುಕುವವರು ಎಲ್ಲವೂ ಎಲ್ಲರೂ ಆಗಬೋಟಿಯಲ್ಲಿ ಇತ್ತ ಮುಖ ಮಾಡಿದರು. ಆ ದಾರಿಯಲ್ಲೇ ಹಕ್ಕಿಗಳ ಸುದ್ದಿಯೂ ಬಂದಿತು.

1883ರ ಸೆಪ್ಟೆಂಬರ್ 15ರಂದು ಮುಂಬಯಿಯಲ್ಲಿ ಎಂಟು ಮಂದಿ ಕೂಡಿ ನಿಸರ್ಗ ಚರಿತ್ರೆಯ ಸಂಘವೊಂದನ್ನು ಕಟ್ಟಿದರು. ಅದೇ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ. ಆ ಎಂಟು ಜನರಲ್ಲಿ ಡಾಕ್ಟರ್ ಆತ್ಮಾರಾಮ ಪಾಂಡುರಂಗ, ಡಾಕ್ಟರ್ ಸಖಾರಾಮ ಅರ್ಜುನ ಎಂಬ ಇಬ್ಬರು ಭಾರತೀಯರೂ ಇದ್ದರೆಂಬುದನ್ನು ಮರೆಯಬಾರದು. 1886ರಲ್ಲಿ ಸಂಘದ ನಿಯತಕಾಲಿಕ ಹೊರಟಿತು. ಅದರ ಮೊದಲ ಸಂಪಾದಕರಲ್ಲಿ ಒಬ್ಬ ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕನ್. ಸಾತಾರೆಯಲ್ಲಿ 1851ರಲ್ಲಿ ಹುಟ್ಟಿದ ಈತ ಸುಂಕ ಮತ್ತು ಉಪ್ಪಿನ ಇಲಾಖೆಯ ಅಧಿಕಾರಿಯಾಗಿ ಉತ್ತರ ಕನ್ನಡದಲ್ಲಿ ಕೆಲಸ ಮಾಡಿದವನು. ಇದೇ ಜಿಲ್ಲೆಯಲ್ಲಿ ಅರಣ್ಯ ಇಲಾಖೆಯ ಟಿ. ಆರ್. ಬೆಲ್ ಇದ್ದನು, ಕಲೆಕ್ಟರನಾಗಿ ಜೇಮ್ಸ್ ಡೇವಿಡ್‌ಸನ್ ಇದ್ದನು. ಉಪ್ಪು, ಕಾಡು, ಕಂದಾಯ ಎಂಬ ಮೂರು ಇಲಾಖೆಯ ಈ ಮೂವರು ಜಿಲ್ಲೆಯ ಚಿಟ್ಟೆಗಳ ಬಗ್ಗೆ ಜತೆಯಾಗಿ ಬರೆದರು. 1898ರಲ್ಲಿ ಡೇವಿಡ್‌ಸನ್ ಉತ್ತರ ಕನ್ನಡದ ಹಕ್ಕಿಗಳ ವಿಷಯವಾಗಿ ದೀರ್ಘ ಲೇಖನವನ್ನು ಸಂಘದ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದನು. ಬೆಲ್ಲನಂತೂ 1920ರಲ್ಲಿ ನಿವೃತ್ತನಾದ ಮೇಲೂ ಊರಿಗೆ ಮರಳದೆ ಕಾರವಾರದಲ್ಲೇ ನಿಂತನು, 1948ರಲ್ಲಿ ತೀರಿಕೊಂಡನು.

ಇವರ ಶ್ರಮಕ್ಕೆ ನಾವು ತಲೆಬಾಗಲೇಬೇಕು. ಆದರೂ ಒಂದು ಮಾತು. ಡೇವಿಡ್‌ಸನ್ ಹಕ್ಕಿಯ ಮೊಟ್ಟೆಗಳನ್ನು ಕೂಡಿಸುತ್ತಿದ್ದವನು. ಕಲೆಕ್ಟರ ಸಾಹೇಬರು ತಾವೇ ಎಲ್ಲ ಮರಗಳನ್ನೂ ಏರಿರಲಾರರು. ಗೂಡಿನ ಜಾಡು ಹಿಡಿದ ಕಣ್ಣು, ಕೊಂಬೆ ಹತ್ತಿದ ಕಾಲು ನಮ್ಮವರದೇ ಆಗಿರಬೇಕು. ಅವರು ಬರೆಯಲಿಲ್ಲ, ಅವರ ಹೆಸರು ನಮಗೆ ಉಳಿಯಲಿಲ್ಲ.

ಬರೆಯದಿದ್ದರೂ ನಮ್ಮ ಹಿರಿಯರಿಗೆ ಹಕ್ಕಿಯೇ ಪಂಚಾಂಗವಾಗಿತ್ತು. ಮಳೆಗಾಲದ ಮುಂಗಾಳಿಯೊಡನೆ ಚಾತಕ ಬರುತ್ತದೆ. ಕಪ್ಪು ಬಿಳುಪಿನ ಮೈ, ತಲೆಯ ಮೇಲೆ ಜುಟ್ಟು. ಮಳೆಹನಿಯನ್ನಲ್ಲದೆ ಬೇರೆ ನೀರನ್ನು ಮುಟ್ಟದೆಂದು ಕವಿಗಳು ಹೊಗಳಿದ ಈ ಹಕ್ಕಿ ತಾನು ಗೂಡು ಕಟ್ಟದು. ಹರಟೆಮಲ್ಲನ ಗೂಡಿನಲ್ಲಿ ಮೊಟ್ಟೆಯಿಟ್ಟು ಹೋಗುವುದು. ಅದೇ ದಿನಗಳಲ್ಲಿ ಒಂಬತ್ತು ಬಣ್ಣದ ನವರಂಗವೂ ಬರುತ್ತದೆ. ರಾತ್ರಿ ಪಯಣಿಸಿ ದಣಿದ ನವರಂಗಗಳು ಮುಂಬಯಿಯ ತೋಟಗಳಲ್ಲಿ, ಕೆಲವೊಮ್ಮೆ ಮನೆಯೊಳಗೇ ಬಂದು ಬೀಳುವುದುಂಟು. ಘಟ್ಟದ ಹಳ್ಳಗಳಲ್ಲಿ ಸಿಳ್ಳಾರನ ಸಿಳ್ಳು ಏಳುವುದೂ ಮಳೆಯಲ್ಲಿಯೇ. ಗುರಿಯಿಲ್ಲದೆ ಹಾಡುವ ಹುಡುಗನಂತಿದೆಯೆಂದು ಇಂಗ್ಲಿಷರು ಅದನ್ನು ಸೋಮಾರಿ ಶಾಲಾಬಾಲಕನೆಂದು ಕರೆದರು. ದೋಣಿಗಳು ದಡ ಸೇರಿದ ಆ ತಿಂಗಳುಗಳಲ್ಲಿ ನಡುಗಡಲಿನ ಹಕ್ಕಿಗಳು ಬಿರುಗಾಳಿಗೆ ಸಿಕ್ಕಿ, ಸೋತು ಮರಳಿನ ಮೇಲೆ ಬಂದು ಬೀಳುತ್ತವೆ.

ಗೀಜಗ ನೇಯುವುದೂ ಮಳೆಗಾಲದಲ್ಲಿಯೇ. ಮುಂಬಯಿಯ ಎದುರು ದಡದ ಕಿಹಿಂ ಎಂಬ ಹಳ್ಳಿಯಲ್ಲಿ 1930ರಲ್ಲಿ ಸಾಲಿಂ ಅಲಿಯವರು ಕೆಲಸವಿಲ್ಲದೆ ಕುಳಿತಿದ್ದಾಗ ಈ ಹಕ್ಕಿಗಳನ್ನು ದಿನವೂ ಗಮನಿಸಿದರು. ಗಂಡು ಅರ್ಧ ಗೂಡು ಕಟ್ಟಿ ಕಾಯುತ್ತದೆ. ಹೆಣ್ಣು ಬಂದು ಒಳಹೊಕ್ಕು ಪರೀಕ್ಷಿಸುತ್ತದೆ. ಒಪ್ಪಿದರೆ ಮಾತ್ರ ಗೂಡು ಪೂರ್ತಿಯಾಗುತ್ತದೆ. ಆಮೇಲೆ ಗಂಡು ಮತ್ತೊಂದು ಗೂಡಿಗೆ, ಮತ್ತೊಬ್ಬಳಿಗಾಗಿ, ಕೈಹಚ್ಚುತ್ತದೆ! ಈ ಲೇಖನದಿಂದಲೇ ಅವರ ಹೆಸರು ಲೋಕಕ್ಕೆ ತಿಳಿಯಿತು.

ಮಳೆ ಹಿಂದೆ ಸರಿಯುತ್ತಲೇ ಉತ್ತರದ ಅತಿಥಿಗಳು ಇಳಿಯುತ್ತಾರೆ. ಅಘನಾಶಿನಿಯ ಅಳಿವೆಯ ಗಜನಿಗಳಲ್ಲಿ ಉಪ್ಪುನೀರಿಗೆ ಅಂಜದ ಕಗ್ಗ ಭತ್ತದ ಕೊಯ್ಲು ಮುಗಿದ ಮೇಲೆ ಅಲ್ಲಿ ಸಿಗಡಿ, ಮೀನು, ಕೆಸರಿನ ಹುಳು. ಉಬ್ಬರ ಇಳಿದಾಗ ದಿಬ್ಬಗಳಲ್ಲಿ ಬಳಚು ಆಯುವ ಹೆಂಗಸರು. ಅವರ ಪಕ್ಕದಲ್ಲೇ ಉದ್ದ ಕೊಕ್ಕಿನ ಹಕ್ಕಿಗಳೂ ಆಯುತ್ತವೆ. ಟಿಬೆಟ್ಟಿನ ಸರೋವರಗಳ ಬಳಿ ಮರಿಮಾಡುವ ಕಂದುತಲೆಯ ಕಡಲಹಕ್ಕಿಗಳು ಚಳಿಗಾಲದಲ್ಲಿ ನಮ್ಮ ಬಂದರುಗಳಿಗೆ ಬರುತ್ತವೆ. ಆಗ ಅವುಗಳ ತಲೆ ಬೆಳ್ಳಗೆ, ಕಿವಿಯ ಹಿಂದೆ ಒಂದು ಕರೆ ಮಾತ್ರ. ಹೊರಡುವ ಕಾಲ ಹತ್ತಿರವಾದಂತೆ ತಲೆ ಮತ್ತೆ ಕಂದಾಗುತ್ತದೆ. ಊರಿಗೆ ಹೊರಟವರು ಹೊಸ ಬಟ್ಟೆ ತೊಟ್ಟಂತೆ.

ಈ ಪಯಣದ ಲೆಕ್ಕಕ್ಕೂ ಕನ್ನಡ ನಾಡಿಗೂ ಒಂದು ವಿಚಿತ್ರ ನಂಟಿದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮನುಷ್ಯರೂ ಸಾಯತೊಡಗಿದರು. ರೋಗದ ವಿಷಾಣು ರಷ್ಯದ ಕಡೆಯ ಒಂದು ಜ್ವರದ್ದನ್ನು ಹೋಲುತ್ತಿತ್ತು. ವಲಸೆ ಹಕ್ಕಿಗಳು ಇದನ್ನು ಹೊತ್ತು ತಂದಿರಬಹುದೇ ಎಂಬ ಶಂಕೆ ಬಂದಿತು. ಅದನ್ನು ಪರೀಕ್ಷಿಸಲು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಮುಂಬಯಿಯ ಸಂಘವು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕಾರ್ಯವನ್ನು ಕೈಗೊಂಡಿತು. ಹಕ್ಕಿಗಳ ಮೇಲಿನ ಅಪವಾದ ಸಿದ್ಧವಾಗಲಿಲ್ಲ. ಆದರೆ ಅವು ಎಲ್ಲಿಂದ ಎಲ್ಲಿಗೆ ಹೋಗುತ್ತವೆಂಬ ತಿಳಿವಳಿಕೆ ಬೆಳೆಯಿತು. ಮುಂಬಯಿಯ ಸಂಘಕ್ಕೆ ತಿಳಿಸಿರೆಂಬ ಅಕ್ಷರಗಳನ್ನು ಹೊತ್ತು ಆ ಉಂಗುರಗಳು ದೇಶಾಂತರ ಹಾರಿದವು.

ಬೇಸಿಗೆಯಲ್ಲಿ ಘಟ್ಟದ ಕಾಡಿನ ಮಂಗಟ್ಟೆಯ ಸಂಸಾರ ನೋಡಬೇಕು. ಹೆಣ್ಣು ಮರದ ಪೊಟರೆ ಹೊಕ್ಕು ಬಾಗಿಲು ಮುಚ್ಚಿಕೊಳ್ಳುತ್ತದೆ. ಸಣ್ಣ ಸೀಳೊಂದೇ ಉಳಿಯುತ್ತದೆ. ಗಂಡು ತಿಂಗಳುಗಟ್ಟಲೆ ಹಣ್ಣು ತಂದು ಅದರೊಳಗೆ ಉಣಿಸುತ್ತದೆ. 1894ರ ಮೇ ತಿಂಗಳಲ್ಲಿ ಹುಟ್ಟಿದ ಇಂಥದೊಂದು ದೊಡ್ಡ ಮಂಗಟ್ಟೆಯ ಮರಿಯನ್ನು, ಮೂರು ತಿಂಗಳಾದ ಮೇಲೆ, ಕಾರವಾರದ ಇಂಗಲ್ ಎಂಬವರು ಮುಂಬಯಿಯ ಸಂಘಕ್ಕೆ ಕೊಟ್ಟರು. ಅದಕ್ಕೆ ವಿಲಿಯಂ ಎಂದು ಹೆಸರಾಯಿತು. ಸಂಘದ ಕಚೇರಿಯಲ್ಲಿ ಕುರ್ಚಿಯ ಹಿಂದಿನ ಪಂಜರದಲ್ಲಿ ಅದು 26 ವರ್ಷ ಬಾಳಿ 1920ರಲ್ಲಿ ಸತ್ತಿತು. ಒಮ್ಮೆ ಉರಿಯುವ ಚಿರೂಟನ್ನು ನುಂಗಿಯೂ ಬದುಕಿತ್ತಂತೆ. ಸಂಘದ ಲಾಂಛನದಲ್ಲಿ ಇಂದಿಗೂ ಇರುವುದು ಆ ಹಕ್ಕಿಯೇ. ಕಟ್ಟಡಕ್ಕೆ ಹಾರ್ನ್‌ಬಿಲ್ ಹೌಸ್ ಎಂಬ ಹೆಸರೂ ಅದರಿಂದಲೇ. ಕಾರವಾರದಿಂದ ಮುಂಬಯಿಗೆ ಬಂದು, ಇಲ್ಲಿಯೇ ಬಾಳಿ, ಇಲ್ಲಿಯೇ ಮಣ್ಣಾದ ಈ ಹಕ್ಕಿಯ ಕಥೆ ಓದಿದಾಗ ನಮಗೆ ನಗುವೂ ಬಂತು, ಗಂಟಲೂ ಕಟ್ಟಿತು. ಇಪ್ಪತ್ತಾರು ವರ್ಷ ಅದರ ಸುತ್ತ ನಡೆದ ಮಾತೆಲ್ಲ ಇಂಗ್ಲಿಷ್. ಮಂಗಟ್ಟೆಯೆಂದು ಅದನ್ನು ಕರೆದವರು ಯಾರಾದರೂ ಇದ್ದರೋ!

ಹೆಸರು ಹೋಗುವುದೊಂದು ಬಗೆ. ಹಕ್ಕಿಯೇ ಹೋಗುವುದು ಇನ್ನೊಂದು. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದಲ್ಲಿ 1875ರಲ್ಲಿ ಬಿಳಿಹೊಟ್ಟೆಯ ಕಡಲ ಹದ್ದಿನ ನೂರರಷ್ಟು ಗೂಡುಗಳಿದ್ದವು. 2000ದ ಬಳಿಕ ಎಣಿಸಿದಾಗ ಅದರ ಅರ್ಧದಷ್ಟೂ ಇರಲಿಲ್ಲ. ಅದೇ ದ್ವೀಪ ನೌಕಾದಳದ ಗುಂಡಿನ ಅಭ್ಯಾಸಕ್ಕೂ ಗುರಿಯಾಗಿತ್ತು. 1986ರಲ್ಲಿ ಕಾರವಾರದ ನೌಕಾನೆಲೆಗೆ ಅಡಿಗಲ್ಲು ಬಿದ್ದಿತು. ಅದಕ್ಕಾಗಿ ಸಾವಿರಾರು ಕುಟುಂಬಗಳು ನೆಲ ಬಿಟ್ಟೆದ್ದವು. ಆ ಯೋಜನೆಗೆ ಇಟ್ಟ ಹೆಸರು ಸೀಬರ್ಡ್, ಅಂದರೆ ಕಡಲಹಕ್ಕಿ! ದೇಶದ ರಕ್ಷಣೆ ಬೇಡವೆಂದು ನಾವು ಹೇಳುವವರಲ್ಲ. ಎದ್ದು ಹೋದವರ ಲೆಕ್ಕವೂ ಚರಿತ್ರೆಯಲ್ಲಿ ಇರಲಿ ಎಂದಷ್ಟೇ ಹೇಳುತ್ತೇವೆ.

ಸಮಾಧಾನದ ಸುದ್ದಿಯೂ ಇದೆ. ಠಾಣೆಯ ಖಾಡಿಯ ರಾಜಹಂಸಗಳಿಗೆ 2015ರಲ್ಲಿ ಅಭಯಾರಣ್ಯವಾಯಿತು. 2022ರಲ್ಲಿ ಅದಕ್ಕೆ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ಬಂದಿತು. 2024ರಲ್ಲಿ ಅದೇ ಮನ್ನಣೆ ನಮ್ಮ ಅಘನಾಶಿನಿಯ ಅಳಿವೆಗೂ ದೊರೆಯಿತು. ನಾವು ಬಿಟ್ಟು ಬಂದ ನೀರು, ನಾವು ಬಂದು ಸೇರಿದ ನೀರು, ಎರಡೂ ಈಗ ಒಂದೇ ಪಟ್ಟಿಯಲ್ಲಿವೆ.

ಅಂದಿನ ಹುಡುಗಿಯ ಪ್ರಶ್ನೆಗೆ ಉತ್ತರ ಬಾಕಿಯಿದೆ. ಮನೆಗೆ ಬಂದು ಪುಸ್ತಕ ತೆರೆದು ನೋಡಿದೆವು. ಅದು ಗೊರವದ ಬಳಗದ ಹಕ್ಕಿ, ಗದ್ದೆಗೊರವ. ಅಜ್ಜಿಗೆ ಫೋನಿನಲ್ಲಿ ತಿಳಿಸಿದಾಗ, "ಹೌದು, ಗೊರವ! ಅಪ್ಪಯ್ಯ ಹಂಗೇ ಹೇಳ್ತಿದ್ದ" ಎಂದು ಅವರು ಎರಡು ಸಲ ಅಂದರು. ನಮ್ಮ ವಾಚಕರಲ್ಲಿ ನಮ್ಮದೊಂದು ವಿನಂತಿ. ಈ ಚಳಿಗಾಲದಲ್ಲಿ ಮಕ್ಕಳನ್ನು ಒಂದು ಬೆಳಿಗ್ಗೆ ಸಮುದ್ರದ ದಂಡೆಗೆ ಕರೆದೊಯ್ಯಿರಿ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಕರೆದೊಯ್ಯಿರಿ. ಅವರ ಬಾಯಿಂದ ಬಂದ ಹಕ್ಕಿಯ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ. ಹಕ್ಕಿಗಳು ಮುಂದಿನ ವರ್ಷವೂ ಬಂದಾವು. ಹಿರಿಯರು ಯಾವಾಗಲೂ ಇರುವುದಿಲ್ಲ.