ಅಪರಾಧ ಹಿನ್ನೆಲೆ ಮತ್ತು ಸರ್ಕಾರಿ ನೌಕರಿ

ಭಾರತದಲ್ಲಿ ಸರ್ಕಾರಿ ಹುದ್ದೆಗೆ, ಸೇನೆಗೆ ಅಥವಾ ಪೊಲೀಸ್ ಪಡೆಗೆ ಆಯ್ಕೆಯಾದವರ ಪೂರ್ವಾಪರವನ್ನು ಪೊಲೀಸರ ಮೂಲಕ ಪರಿಶೀಲಿಸಲಾಗುತ್ತದೆ. ಅಭ್ಯರ್ಥಿ ತುಂಬುವ ನಮೂನೆಯಲ್ಲಿ ಎಂದಾದರೂ ಬಂಧನವಾಗಿತ್ತೇ, ಮೊಕದ್ದಮೆ ನಡೆದಿತ್ತೇ, ದಂಡ ಬಿದ್ದಿತ್ತೇ ಎಂಬ ಪ್ರಶ್ನೆಗಳಿರುತ್ತವೆ. ಎಷ್ಟೋ ಸಲ ನೌಕರಿಗೆ ಕುತ್ತು ತರುವುದು ಹಳೆಯ ತಪ್ಪಲ್ಲ, ಅಲ್ಲಿ ಬರೆದ ‘ಇಲ್ಲ’ ಎಂಬ ಒಂದೇ ಪದ. ಕುಡಿದು ವಾಹನ ಓಡಿಸುವುದನ್ನೇ ನೋಡಿ: 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ ಮೀರಿ ಮದ್ಯಸಾರ ಕಂಡರೆ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಡಿ ಮೊದಲ ಸಲಕ್ಕೆ 6 ತಿಂಗಳವರೆಗೆ ಸೆರೆ, 10,000 ರೂಪಾಯಿ ದಂಡ ಅಥವಾ ಎರಡೂ. ನ್ಯಾಯಾಲಯದಲ್ಲಿ ದಂಡ ಕಟ್ಟಿದವರು ರಸೀದಿಯೊಂದಿಗೆ ವಿಷಯ ಮುಗಿಯಿತೆಂದುಕೊಳ್ಳುತ್ತಾರೆ. ಕಾನೂನಿನ ಕಣ್ಣಿಗೆ ಅದು ಅಪರಾಧ ನಿರ್ಣಯವೇ.

ಕಳಂಕವಿದ್ದವರಿಗೆ ಸಮವಸ್ತ್ರವೇಕೆ ಎಂಬ ಆಕ್ಷೇಪಕ್ಕೆ ತೂಕವಿದೆ. ಬಂದೂಕು, ವಾಹನ, ಜನರ ಜೀವ ಒಪ್ಪಿಸುವಾಗ ನಡತೆ ನೋಡಲೇಬೇಕು. ಚಾಲಕ ಹುದ್ದೆಗೆ ಕುಡಿತದ ಪ್ರಕರಣ ಅಡ್ಡಬರುವುದು ನ್ಯಾಯವೇ. ಆದರೆ ಎಲ್ಲ ತಪ್ಪನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. 1996ರ ಪವನ್ ಕುಮಾರ್ ಪ್ರಕರಣದಲ್ಲಿ ಕೇವಲ 20 ರೂಪಾಯಿ ದಂಡ ತೆತ್ತವನ ನೌಕರಿ ಕಳೆದದ್ದನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. 2016ರ ಅವತಾರ್ ಸಿಂಗ್ ತೀರ್ಪು ಇನ್ನೂ ಸ್ಪಷ್ಟ: ಎಳೆಯ ವಯಸ್ಸಿನ ಕ್ಷುಲ್ಲಕ ತಪ್ಪನ್ನು ಮುಚ್ಚಿಟ್ಟರೂ ಕ್ಷಮಿಸಬಹುದು, ಗಂಭೀರವಾದರೆ ನೇಮಕ ರದ್ದು ಮಾಡಬಹುದು. ನಿಜ ಹೇಳಿದವರಿಗೂ ಹುದ್ದೆ ಖಚಿತವಲ್ಲ, ಪೂರ್ವಾಪರ ತೂಗುವ ಅಧಿಕಾರ ನೇಮಕ ಪ್ರಾಧಿಕಾರಕ್ಕೆ ಉಳಿದೇ ಇರುತ್ತದೆ. ಸೇವೆಯಲ್ಲಿರುವ ನಾಗರಿಕ ನೌಕರರ ಸ್ಥಿತಿ ಇನ್ನೂ ಬಿಗಿ: ಅಪರಾಧ ಸಾಬೀತಾದರೆ ಸಂವಿಧಾನದ 311ನೇ ವಿಧಿಯಡಿ ಇಲಾಖಾ ವಿಚಾರಣೆಯಿಲ್ಲದೆಯೇ ವಜಾ ಮಾಡಬಹುದು.